ಕರೆಂಟು ಬೇಡ ಅಂದವರ ಮನೆಯ ಆಟದ ಪೆಟ್ಟಿಗೆ

ಯಾರನ್ನೇ ಮೊದಲ ಸಲ ಕಂಡರೂ ಅವರು ಮುಖ ನೋಡುತ್ತಿರಲಿಲ್ಲ. ಅಂಗಿಯ ತುದಿ ಹಿಡಿದು, ಎರಡು ಬೆರಳ ನಡುವೆ ಇಟ್ಟು ತಿಕ್ಕಿ ನೋಡುತ್ತಿದ್ದರು. ನನ್ನನ್ನೂ ಹಾಗೇ ನೋಡಿದರು. ಮೊಳಕಾಲ್ಮೂರಿನ ಅವರ ಬೀದಿಯಲ್ಲಿ ನಾನು ಹೆಗಲ ಮೇಲೆ ಮೋಟಾರು ಹೊತ್ತುಕೊಂಡು ಹೋಗುತ್ತಿದ್ದೆ. ಎರಡೂ ಕೈ ಮೇಲಿದ್ದವು, ಬಿಡಿಸಿಕೊಳ್ಳುವ ಹಾಗಿರಲಿಲ್ಲ.

“ಪಾಲಿಯೆಸ್ಟರು,” ಅಂದರು. “ಬೆವರು ಕುಡಿಯಲ್ಲ ಇದು. ಯಾವೂರಪ್ಪ ನಿಂದು?”

“ಚಳ್ಳಕೆರೆ.”

“ಅದಕ್ಕೇ ಶೇಂಗಾ ಹಿಂಡಿ ವಾಸನೆ ಬರ್ತೈತೆ. ಹೋಗು ಹೋಗು, ಮೋಟ್ರು ಭಾರ.”

ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ಮೋಟ್ರು. ಅಪ್ಪ ಇಟ್ಟ ಹೆಸರು ಅವರಿಗೆ ಕೊನೆತನಕ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಅವರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅವರ ಬೀದಿಯವರು ಓದಿದರೆ ಎರಡನೇ ಸಾಲಿಗೇ ಗುರುತು ಹಿಡಿಯುತ್ತಾರೆ, ಬೇರೆಯವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಅವರು ರೇಷ್ಮೆ ಸೀರೆ ನೇಯುವವರು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೆ ಹೆಂಡತಿ ಮೂರು ಸಲ ಕರೆಯಬೇಕಿತ್ತು. ಅವರು ತೀರಿಕೊಂಡಾಗ ಬಂದವರೆಲ್ಲ ಅವರ ಸೀರೆಗಳ ಮಾತೇ ಆಡಿದರು. ಯಾರ ಮದುವೆಗೆ ಯಾವ ಸೀರೆ, ಯಾವುದರ ಅಂಚಿನಲ್ಲಿ ಎಂಥ ರುದ್ರಾಕ್ಷಿ ಸಾಲು, ತೊಳೆದು ತೊಳೆದು ಸೀರೆ ಹಳೆಯದಾದರೂ ಜರಿ ಹೆಂಗೆ ಕಪ್ಪಾಗಲಿಲ್ಲ, ಇಂಥವು. ಎಲ್ಲ ನಿಜವೇ. ಆದರೆ ಆ ಮನೆಯಲ್ಲಿದ್ದ ಆಟದ ಪೆಟ್ಟಿಗೆಯ ಮಾತು ಯಾರೂ ಎತ್ತಲಿಲ್ಲ. ಸಾವಿನ ಮನೆಯಲ್ಲಿ ವಿಡಿಯೋ ಗೇಮಿನ ಮಾತು ಹೆಂಗೆ ಎತ್ತೋದು ಅಂತ ಸುಮ್ಮನಾಗಿರಬಹುದು. ನನಗೆ ಮಾತ್ರ ಅವರನ್ನು ನೆನೆದರೆ ಸೀರೆಗಿಂತ ಮೊದಲು ಆ ಪೆಟ್ಟಿಗೆಯೇ ಕಣ್ಣಿಗೆ ಬರುತ್ತದೆ.

ನಾನು ಚಳ್ಳಕೆರೆಯಲ್ಲಿ ಮೋಟಾರು ವೈಂಡಿಂಗ್ ಮಾಡುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಾಮ್ರದ ತಂತಿ ಹಿಡಿದವನು ಇನ್ನೂ ಬಿಟ್ಟಿಲ್ಲ. ಎಣ್ಣೆ ಮಿಲ್ಲಿನ ಮೋಟಾರು, ಬೋರ್‌ವೆಲ್ ಮೋಟಾರು, ಹಿಟ್ಟಿನ ಗಿರಣಿಯದು, ಯಾವುದೇ ಬರಲಿ, ನಾನು ಸುತ್ತಿ ಕೊಟ್ಟದ್ದು ಅದೇ ರೋಗ ಹೇಳಿಕೊಂಡು ವಾಪಸು ಬಂದದ್ದು ಅಪರೂಪ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಮೊಳಕಾಲ್ಮೂರಿಗೆ ನಾನು ಹೋಗುತ್ತಿದ್ದದ್ದು ಅವರಿಗಾಗಿ ಅಲ್ಲ, ಅವರ ತಮ್ಮನಿಗಾಗಿ. ತಮ್ಮ ಪವರ್‌ಲೂಮ್ ಹಾಕಿದ್ದ. ಅವನ ಮಗ್ಗಗಳ ಮೋಟಾರು ಸುಟ್ಟರೆ ನನಗೇ ಹೇಳಿ ಕಳಿಸುತ್ತಿದ್ದ. ನನಗೂ ಅವನಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು, ಹೋಗೋ ಬಾರೋ ಸಲುಗೆ.

ಆ ಪವರ್‌ಲೂಮೇ ಜಗಳದ ಮೂಲ. ಅಪ್ಪನ ಕಾಲದ ಉದ್ದನೆಯ ಮನೆ, ಅಣ್ಣ ತಮ್ಮ ಒಟ್ಟಿಗೇ ಇದ್ದರು. ತಮ್ಮ ಕರೆಂಟಿನ ಮಗ್ಗ ತರುತ್ತೇನೆ ಅಂದಾಗ ಅಣ್ಣ ಬೇಡ ಅನ್ನಲಿಲ್ಲವಂತೆ. ತಂದು ಹಾಕಿ, ಮೊದಲ ಸೀರೆ ಇಳಿಸಿ, ತಮ್ಮ ಸಂಭ್ರಮದಿಂದ ಚಹಾದ ಹೋಟೆಲಿನಲ್ಲಿ ನಾಲ್ಕು ಜನಕ್ಕೆ ಚಹಾ ಹೇಳಿದ ದಿನ, ಎಲ್ಲರೆದುರು ಇವರು ಅಂದುಬಿಟ್ಟರು: “ಅದು ನೇಯೋದಲ್ಲ ಬಿಡ್ರಿ. ಮೇಲೆ ನೂಲು ಸುರೀತಾನೆ, ಕೆಳಗೆ ಸೀರೆ ಉದುರ್ತೈತೆ. ರಾಗಿ ಬೀಸಿದಂಗೆ.” ಎಲ್ಲ ನಕ್ಕರು. ತಮ್ಮ ಗ್ಲಾಸು ಕೆಳಗಿಟ್ಟು ಎದ್ದು ಹೋದ. ಆಮೇಲೆ ಮನೆಯ ನಡುವೆ ಗೋಡೆ ಬಂತು. ಮೀಟರು ತಮ್ಮನ ಕಡೆಗೆ ಉಳಿಯಿತು. ಇವರು ಅವತ್ತೇ ಈಚೆ ಕಡೆಯ ಬಲ್ಬು ಬಿಚ್ಚಿಸಿ, “ನನಗೆ ಕರೆಂಟು ಬೇಡ” ಅಂದರು. ಹಗಲು ನೇಯುವುದು, ಸಂಜೆ ಲಾಟೀನು. ಅಣ್ಣ ತಮ್ಮನ ನಡುವೆ ಮಾತು ನಿಂತು ನಾಲ್ಕು ವರ್ಷವಾಗಿತ್ತು.

ಮಾತು ನಿಂತಿದ್ದು ಗಂಡಸರಲ್ಲಿ ಮಾತ್ರ. ಅವರ ಹೆಂಡತಿ, ನಾನು ಅಕ್ಕ ಅಂತಿದ್ದೆ, ದಿನಕ್ಕೆ ಹತ್ತು ಸಲ ಹಿತ್ತಲಿನಿಂದ ಆಚೆ ಹೋಗುತ್ತಿದ್ದಳು. ವಾರಗಿತ್ತಿಯ ಮಿಕ್ಸಿಯಲ್ಲೇ ಇವಳ ಚಟ್ನಿ. ಗೋಡೆಯಾಚೆ ಮಿಕ್ಸಿ ಸದ್ದಾದರೆ ಇವರಿಗೆ ಗೊತ್ತಾಗುತ್ತಿತ್ತು, ಇವತ್ತು ರೊಟ್ಟಿಗೆ ಶೇಂಗಾ ಚಟ್ನಿ ಐತೆ ಅಂತ. ಬಾಯಿ ಬಿಡುತ್ತಿರಲಿಲ್ಲ. ಒಂದು ಹಬ್ಬದ ದಿನ ನಾನೂ ಅಲ್ಲೇ ಇದ್ದೆ. ತಮ್ಮನ ಮನೆಯಿಂದ ಹೋಳಿಗೆ ಬಂತು. ಇವರು ಎರಡು ತಿಂದು ಗೋಡೆಗೆ ಕೇಳುವ ಹಾಗೆ ಹೆಂಡತಿಗೆ ಅಂದರು: “ಬೆಲ್ಲ ಕಮ್ಮಿ ಅಂತ ಹೇಳು.”

ಆಚೆಯಿಂದ ತಮ್ಮನ ದನಿ, ಅವನ ಹೆಂಡತಿಗೆ: “ಬೆಲ್ಲ ಕಮ್ಮಿ ಆಯ್ತಂತೆ. ಮುಂದಿನ ಸಲ ಕಳಿಸ್ಬೇಡ.”

“ಕಳಿಸ್ಬೇಡ ಅಂತ ನಾನು ಹೇಳಿಲ್ಲ ಅಂತ ಹೇಳು.”

“ಹೇಳಿಲ್ಲಾಂದ್ರೆ ಸುಮ್ನೆ ತಿನ್ನಕ್ಕೆ ಹೇಳು.”

ಅಕ್ಕ ಇನ್ನೊಂದು ಹೋಳಿಗೆಯನ್ನು ನನ್ನ ಎಲೆಗೆ ಹಾಕಿ, “ನೀನು ತಿನ್ನಪ್ಪ. ಇವರಿಬ್ಬರ ಅಂಚೆ ಹೊತ್ತು ಹೊತ್ತು ನಮ್ಮಿಬ್ಬರ ಕಾಲು ಸವೀತು,” ಅಂದಳು.

ಅವಳೇ ಇನ್ನೊಂದು ದಿನ ಹೇಳಿದಳು: “ಆಚೆ ಅವನು ಕೆಮ್ಮಿದರೆ ಇವರು ತುತ್ತು ಅಲ್ಲಿಗೇ ನಿಲ್ಲಿಸ್ತಾರೆ. ಕೆಮ್ಮು ನಿಂತ ಮೇಲೇ ಬಾಯಿಗೆ ಇಡೋದು. ಕೇಳಿದರೆ, ಕಲ್ಲು ಸಿಕ್ತು ಅನ್ನದಾಗೆ ಅಂತಾರೆ.”

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ತಮ್ಮ ಮತ್ತೆ ಮಾತಾಡಬೇಕು. ಮೊದಲು ಬಾಯಿ ಬಿಡುವವನು ತಾನಾಗಬಾರದು. ಎರಡೂ ಒಟ್ಟಿಗೆ ಆಗಬೇಕು. ಅದಕ್ಕಾಗಿ ಅವರೇನು ಮಾಡಿದರು ಅನ್ನೋದನ್ನೇ ನಾನು ಹೇಳಹೊರಟಿದ್ದು.

ಅವರು ನೇಯ್ದ ಸೀರೆಗಳನ್ನು ಚಳ್ಳಕೆರೆಯ ಒಂದು ಜವಳಿ ಅಂಗಡಿಗೆ ಕೊಡುತ್ತಿದ್ದರು. ಬಂದಾಗೆಲ್ಲ ನನ್ನ ಅಂಗಡಿಗೆ ಹಣಕಿ, ನಾನು ಸುತ್ತುತ್ತಿದ್ದ ತಂತಿಯನ್ನು ಬೆರಳಲ್ಲಿ ತಿಕ್ಕಿ, ನೀರು ಕುಡಿದು ಹೋಗುವುದು ವಾಡಿಕೆ. ಎರಡು ಸಾವಿರದ ಇಸವಿ ದಾಟಿದ ಒಂದು ಬೇಸಿಗೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಬರಲೇ ಇಲ್ಲ. ಹೋಗಿ ನೋಡಿದರೆ ಒಂದು ಹಳೆಯ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ.

ನನ್ನ ಅಂಗಡಿ ಪಕ್ಕದಲ್ಲಿ ಮುಂಚೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೆ ಟೀವಿಯಂಥದ್ದು, ಕೆಳಗೆ ಎರಡು ಹ್ಯಾಂಡಲ್ಲು, ಸಾಲಾಗಿ ಗುಂಡಿಗಳು. ಕಾಯಿನ್ ಹಾಕಿದರೆ ಇಬ್ಬರು ಪೈಲ್ವಾನರು ಬಂದು ಬಡಿದಾಡುವ ಆಟ. ಮನೆಮನೆಗೆ ಕೇಬಲ್ ಟೀವಿ ಬಂದ ಮೇಲೆ ಅಂಗಡಿ ಮುಚ್ಚಿತು. ಅದರ ಯಜಮಾನ ಬಳ್ಳಾರಿಗೆ ಹೋಗುವಾಗ ಕೆಟ್ಟ ಪೆಟ್ಟಿಗೆಯೊಂದನ್ನು ನನ್ನ ಹಿತ್ತಲಿನಲ್ಲಿ ಬಿಟ್ಟು, “ಗುಜರಿಗೆ ಹಾಕಿಬಿಡು” ಅಂದಿದ್ದ. ನಾನು ಹಾಕಿರಲಿಲ್ಲ. ನಮ್ಮ ಕೋಳಿಗಳು ಅದರೊಳಗೆ ಮೊಟ್ಟೆ ಇಡಲು ಶುರು ಮಾಡಿದ್ದವು.

“ಈ ಸುಟ್ಟ ಗುರುತು ನೋಡು,” ಅಂದರು. ಗುಂಡಿಗಳ ಪಕ್ಕ ಹಲಗೆಯ ಮೇಲೆ ಕಪ್ಪು ಚುಕ್ಕೆ. “ನನ್ನ ತಮ್ಮಂದು. ಆಡೋವಾಗ ಬೀಡಿ ಇಲ್ಲಿಟ್ಟು ಮರೀತಿದ್ದ.”

ಆಗ ಗೊತ್ತಾಯಿತು. ಜಗಳಕ್ಕೆ ಮುಂಚೆ ಅಣ್ಣ ತಮ್ಮ ಇಬ್ಬರೂ ಸೀರೆ ಗಂಟು ಹೊತ್ತು ಒಟ್ಟಿಗೇ ಬರುತ್ತಿದ್ದರಂತೆ. ಅಂಗಡಿಗೆ ಸೀರೆ ಕೊಟ್ಟು, ಊರಿನ ಬಸ್ಸು ಬರುವತನಕ ಈ ಪೆಟ್ಟಿಗೆಯ ಮುಂದೆ.

“ನೀವೂ ಆಡ್ತಿದ್ರಾ ಅಣ್ಣ?”

“ಇಬ್ಬರಿಲ್ದೆ ಆಡಕ್ಕೆ ಬರ್ತೈತಾ ಇದು? ಅವನು ಗೆಲ್ಲಬೇಕಂದ್ರೆ ಯಾರಾದ್ರೂ ಸೋಲಬೇಕಲ್ಲ.”

“ಒಂದ್ಸಲನೂ ಗೆಲ್ಲಲಿಲ್ವಾ?”

“ಪೋನೀಲೇ,” ಅಂದರು. ಹೋಗಲಿ ಬಿಡು ಅನ್ನುವುದಕ್ಕೆ ಅವರದು ಯಾವಾಗಲೂ ತೆಲುಗು. ಎಳೆ ಹರಿದರೂ ಪೋನೀಲೇ, ಬಸ್ಸು ತಪ್ಪಿದರೂ ಪೋನೀಲೇ. ಆದರೆ ಅವತ್ತು ಅಂದು ಸುಮ್ಮನಾಗಲಿಲ್ಲ. ಎದ್ದು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, “ಇದನ್ನ ನಾನು ತಗಂಡು ಹೋಗ್ತೀನಿ,” ಅಂದರು.

“ಕೆಟ್ಟೈತೆ ಅಣ್ಣ.”

“ರಿಪೇರಿ ಮಾಡಣ.”

“ಮಾಡಿದ್ರೂ ನಿಮ್ಮನೇಲಿ ಕರೆಂಟೇ ಇಲ್ವಲ್ರಿ.”

“ಅದು ಆಮೇಲಿನ ಮಾತು,” ಅಂದರು. ಕೋಳಿಯನ್ನು ಓಡಿಸಿ, ಒಳಗಿದ್ದ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟರು.

ಶೇಂಗಾ ಹಿಂಡಿ ಹೇರಿಕೊಂಡು ಮೊಳಕಾಲ್ಮೂರಿನ ಕಡೆ ಹೊರಟಿದ್ದ ಒಂದು ಟೆಂಪೋದ ಹಿಂದೆ ಪೆಟ್ಟಿಗೆ ನಿಲ್ಲಿಸಿ, ಹಗ್ಗ ಕಟ್ಟಿ, ಇಬ್ಬರೂ ಅದನ್ನು ಹಿಡಿದುಕೊಂಡು ಕೂತೆವು. ದಾರಿಯಲ್ಲಿ ತಳಕು ಅನ್ನೋ ಊರಲ್ಲಿ ಡ್ರೈವರು ಚಹಾಕ್ಕೆ ನಿಲ್ಲಿಸಿದ. ಸಂತೆ ಮುಗಿಸಿ ನಿಂತಿದ್ದ ಒಬ್ಬ ಅವ್ವ ಹತ್ತಿರ ಬಂದು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದಳು.

“ತೂಕ ನೋಡೋ ಮಿಷನ್ನೇನಪ್ಪ ಇದು?”

“ಹೂಂ ಅವ್ವ,” ಅಂದರು ಇವರು, ನಾನು ಬಾಯಿ ತೆರೆಯುವ ಮೊದಲೇ.

“ನಂದೊಂದು ನೋಡು.”

“ಕೆಟ್ಟೈತೆ ಅವ್ವ. ಈಗ ನಿಂತ್ರೆ ಜಾಸ್ತಿ ತೋರಿಸ್ತೈತೆ.”

“ಹಂಗಾದ್ರೆ ಬ್ಯಾಡ ಬಿಡು,” ಅಂತ ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಟೆಂಪೋ ಹೊರಟು ಊರು ದಾಟಿದರೂ ಇವರ ಹೊಟ್ಟೆ ಕುಣಿಯುತ್ತಲೇ ಇತ್ತು. ಅವರು ನಗುವಾಗ ಸದ್ದು ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು.

ಪೆಟ್ಟಿಗೆಯನ್ನು ಅವರು ಇಟ್ಟದ್ದು ಮಗ್ಗದ ಕೋಣೆಯಲ್ಲಿ, ತಮ್ಮನ ಕಡೆಯ ಗೋಡೆಗೆ ಒತ್ತಿ. ಬೇರೆ ಜಾಗ ಇರಲಿಲ್ಲ ಅಂತ ಅಲ್ಲ, ಇತ್ತು.

ಆಮೇಲೆ ಎರಡು ಮೂರು ತಿಂಗಳು ನಾನು ತಮ್ಮನ ಮೋಟಾರಿಗೆ ಅಂತ ಹೋದಾಗೆಲ್ಲ ಅಣ್ಣನ ಪೆಟ್ಟಿಗೆಗೂ ಕೈ ಹಾಕುವುದಾಯಿತು. ಟ್ಯೂಬು ಮತ್ತು ಬೋರ್ಡನ್ನು ಬಿಚ್ಚಿ ಚಳ್ಳಕೆರೆಗೆ ತಂದು, ನನಗೆ ಗೊತ್ತಿದ್ದ ಟೀವಿ ರಿಪೇರಿಯವನ ಕೈಲಿ ಜೀವ ಬರಿಸಿದೆ. ಬೋರ್ಡಿನ ಕೆಲಸ ನನಗೆ ಬರುವುದಿಲ್ಲ, ಬಾರದ್ದಕ್ಕೆ ನಾನು ಕೈ ಹಾಕುವವನಲ್ಲ. ಉಳಿದದ್ದೆಲ್ಲ ಅವರದೇ. ಪೆಟ್ಟಿಗೆಯ ಬುಡ ನೀರು ಕುಡಿದು ಉಬ್ಬಿ ಪದರಪದರವಾಗಿ ಬಿಚ್ಚಿಕೊಂಡಿತ್ತು. ಅದನ್ನು ಕೊಯ್ದು ತೆಗೆದು, ಅಪ್ಪನ ಕಾಲದ ಮುರಿದ ಮಗ್ಗದ ತೇಗದ ಹಲಗೆ ಕೂರಿಸಿದರು. ಹ್ಯಾಂಡಲ್ಲಿನ ಬುಡದ ರಬ್ಬರು ಹೋಗಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಹಾಕಿದರು. ಒಂದೊಂದು ಗುಂಡಿಯನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಕ್ಕ ಹಪ್ಪಳ ಒಣಗಿಸುವ ಮೊರದಲ್ಲಿ ಬಿಸಿಲಿಗಿಟ್ಟರು. ಅಕ್ಕ ಬಂದು ನೋಡಿ, “ಇದನ್ನೂ ಕರಿಬೇಕೇನ್ರಿ?” ಅಂದಳು.

ಪೆಟ್ಟಿಗೆಯ ಎರಡೂ ಮಗ್ಗುಲಿಗೆ ಪೈಲ್ವಾನರ ಚಿತ್ರವಿತ್ತು. ಕೋಳಿಗಳು ಕೆರೆದು ಒಬ್ಬನಿಗೆ ಮುಖವೇ ಇರಲಿಲ್ಲ. ಸೀರೆಯ ಬುಟ್ಟಾಕ್ಕೆ ನಕ್ಷೆ ಬರೆಯುವ ಚೌಕದ ಹಾಳೆಯಲ್ಲಿ ಮೊದಲು ಮುಖ ಬರೆದುಕೊಂಡು, ಚೌಕ ಎಣಿಸಿ ಎಣಿಸಿ ಮರದ ಮೇಲೆ ಇಳಿಸಿದರು. ಪೈಲ್ವಾನನಿಗೆ ದಪ್ಪ ಮೀಸೆ ಬಂತು. ಚಡ್ಡಿಗೆ ಹಸಿರು ಬಣ್ಣ, ಕೆಳಗೆ ಅರಿಶಿನದ ಬಣ್ಣದಲ್ಲಿ ರುದ್ರಾಕ್ಷಿ ಅಂಚು.

“ಕುಸ್ತಿಯೋನಿಗೆ ಬಾರ್ಡರ್ ಚಡ್ಡಿ,” ಅಂದಳು ಅಕ್ಕ. “ಮೀಸೆ ಯಾರದೋ ಕಂಡಂಗೈತೆ.”

“ಮೀಸೆ ಅಂದ್ರೆ ಮೀಸೆ. ಎಲ್ಲಾರ್ದೂ ಹಂಗೇ ಇರ್ತೈತೆ.”

ಅವರ ತಮ್ಮನ ಮೀಸೆ ಹಾಗಿತ್ತು. ಬೀದಿಯಲ್ಲಿ ಬೇರೆ ಯಾರದೂ ಹಾಗಿರಲಿಲ್ಲ.

ಆ ತಮ್ಮ ಗೋಡೆಯಾಚೆ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ ನಾನು ಅವನ ಮೋಟಾರು ಕೂರಿಸುತ್ತಿದ್ದೆ. ಅಣ್ಣನ ಕಡೆಯಿಂದ ಟಕಟಕ ಬಡಿಯುವ ಸದ್ದು.

“ಏನಲೇ ಅದು ಸದ್ದು?”

“ಒಂದು ಪೆಟ್ಟಿಗೆ.”

“ಏನು ಪೆಟ್ಟಿಗೆ?”

“ಹೋಗಿ ನೋಡು.”

“ನನಗೇನು ಕೆಲಸ ಇಲ್ಲ ಅನ್ಕೊಂಡ್ಯಾ?” ಅಂದ. ಆದರೆ ಬಡಿಯುವ ಸದ್ದು ನಿಂತಾಗ ಅವನು ಗೋಡೆಯ ಕಡೆ ಒಮ್ಮೆ ನೋಡುತ್ತಿದ್ದ, ಶುರುವಾದಾಗ ಮತ್ತೆ ಕೆಲಸಕ್ಕೆ ತಿರುಗುತ್ತಿದ್ದ.

ಕೊನೆಗೆ ಉಳಿದದ್ದು ವೈರು. ಇಲಿಗಳು ಹಳೆಯದನ್ನೆಲ್ಲ ಕತ್ತರಿಸಿ ಹಾಕಿದ್ದವು. ಹ್ಯಾಂಡಲ್ಲಿನಿಂದ, ಗುಂಡಿಗಳಿಂದ ಬೋರ್ಡಿನವರೆಗೆ ಹೊಸದಾಗಿ ಎಳೆಯಬೇಕಿತ್ತು. ನನ್ನ ಅಂಗಡಿಯಲ್ಲಿ ಇದ್ದದ್ದು ಒಂದೇ ಬಣ್ಣದ ಕೆಂಪು ವೈರು, ಅದನ್ನೇ ಕೊಟ್ಟೆ. “ಯಾವುದಕ್ಕೆ ಯಾವುದು ಅಂತ ಗುರುತು ಕಟ್ಟಿಕೊಳ್ರಿ ಅಣ್ಣ,” ಅಂದೆ. ಅವರಿಗೆ ನಗು ಬಂತು. ಸೀರೆಯ ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ನೂಲಿನಲ್ಲಿ, ಸಾವಿರಾರು ಎಳೆ. ಹಳೆಯ ಹಾಸು ಮುಗಿಯುತ್ತಿದ್ದಂತೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸುತ್ತಾರೆ, ಅದಕ್ಕೆ ಕೆಚ್ಚುವುದು ಅಂತಾರೆ. ಅದೆಲ್ಲ ಬೆರಳಿನ ಲೆಕ್ಕವೇ. “ಎಡಗಡೆಯಿಂದ ಮೊದಲನೇದಕ್ಕೆ ಮೊದಲನೇದು, ಎರಡನೇದಕ್ಕೆ ಎರಡನೇದು. ಇದಕ್ಕೆ ಗುರುತು ಬೇರೆ ಬೇಕಾ?” ಅಂದರು.

ಪೆಟ್ಟಿಗೆಯನ್ನು ಗೋಡೆಯಿಂದ ಒಂದಿಷ್ಟು ಮುಂದಕ್ಕೆಳೆದು, ಹಿಂದಿನ ಬಾಗಿಲು ತೆಗೆದು, ಗೋಡೆಗೂ ಪೆಟ್ಟಿಗೆಗೂ ನಡುವೆ ನುಸುಳಿ ಕೂತು, ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಕೆಚ್ಚತೊಡಗಿದರು. ಕೂದಲಿನಂಥ ರೇಷ್ಮೆ ಹೊಸೆದ ಬೆರಳು, ತಾಮ್ರ ಎಷ್ಟರದು. ಅವರು ಕೂಡಿಸಿದ ಒಂದೊಂದು ಜೋಡಿಯನ್ನೂ ನಾನು ಎಳೆದು ನೋಡಿ ಬೆಸುಗೆ ಹಾಕುತ್ತಾ ಹೋದೆ. ಒಂದೂ ಸಡಿಲವಿರಲಿಲ್ಲ. ಅವರ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವರ ಕಣ್ಣಿಗೆ ಬೀಳುವುದು ಬೆನ್ನು. ಬೆನ್ನು ನೋಡುತ್ತಲೇ ಮುಖ ನೇಯುವ ಕಸುಬು. ಹಾಗಾಗಿ ಕತ್ತಲ ಸಂದಿಯಲ್ಲಿ ಬೆನ್ನ ಕಡೆ ಕೂತದ್ದು ಅವರಿಗೆ ಹೊಸದೇನಲ್ಲ, ಮನೆಯಲ್ಲೇ ಕೂತ ಹಾಗೆ ಕೂತಿದ್ದರು. ಹಾಡು ಬೇರೆ ಗುನುಗುತ್ತಿದ್ದರು.

ಎಲ್ಲ ಮುಗಿಯಿತು. ಕರೆಂಟು ಒಂದು ಇಲ್ಲ.

ನಾನು ಸುಮ್ಮನಿರಲಾರದೆ, “ಅಣ್ಣ, ಲಾರಿ ಬ್ಯಾಟ್ರಿ, ಇನ್ವರ್ಟರ್ ತರ್ತೀನಿ. ಒಂದು ಗಂಟೆ ಓಡುತ್ತೆ,” ಅಂದೆ.

“ಬ್ಯಾಟ್ರಿ ಆಗಲ್ಲ.”

“ಯಾಕಾಗಲ್ಲ? ನಾನು ಹೇಳ್ತೀನಲ್ಲ, ಆಗುತ್ತೆ.”

“ಮೋಟ್ರು, ಆಗಲ್ಲ ಅಂದ್ನಲ್ಲ.”

ಅಕ್ಕ ನನ್ನ ಕಡೆ ಕಣ್ಣು ಮಾಡಿದಳು. ಆಗ ನನಗೆ ಹೊಳೆಯಿತು. ಕರೆಂಟು ಎಲ್ಲಿಂದಾದರೂ ಬರಬಹುದಿತ್ತು, ಅವರಿಗೆ ಬೇಕಾಗಿದ್ದದ್ದು ಗೋಡೆಯಾಚೆಯಿಂದ ಬರುವ ಕರೆಂಟು.

ಅವತ್ತಿನಿಂದ ಅವರು ಗೋಡೆಗೆ ಮುಖ ಮಾಡಿ ನನ್ನ ಜೊತೆ ಮಾತಾಡುವುದು ಶುರುವಾಯಿತು. ಹೋಟೆಲಿನಲ್ಲಿ ಕೂಗಿ ಹೇಳಿದಷ್ಟೇ ಜೋರು. “ಎಲ್ಲಾ ಆಯ್ತಪ್ಪ ಮೋಟ್ರು. ಪೈಲ್ವಾನ್ರು ಎದ್ದು ನಿಂತವ್ರೆ. ಇನ್ನು ಒಂದೇ ಒಂದು ಕಮ್ಮಿ.” ಆಚೆಯಿಂದ ಪವರ್‌ಲೂಮಿನ ಗಡಗಡ ಬಿಟ್ಟು ಬೇರೇನೂ ಇಲ್ಲ. ಮುಂದಿನ ಸಲ ನಾನು ಹೋದಾಗಲೂ ಅದೇ ಮಾತು, ಅದೇ ಗಡಗಡ.

“ಗೋಡೆಗೆ ಹೇಳಿದ್ರೆ ಗೋಡೆ ಏನು ಮಾಡ್ತೈತೆ? ಬಾಗಿಲು ಐತಲ್ಲ, ಹೋಗಿ ಕೇಳ್ರಿ,” ಅಂದಳು ಅಕ್ಕ.

“ಕೇಳಿದ್ರೆ ಕೊಡ್ತಾನೆ,” ಅಂದರು. “ಕೇಳಿದ್ರೆ ಯಾರಿಗಾದ್ರೂ ಕೊಡ್ತಾನೆ ಅವನು.”

ಅದರ ಮುಂದಿನ ಸಲ ಹೋದಾಗ ಪೆಟ್ಟಿಗೆಯ ಮೇಲೆ ಹಳೆ ಕಂಬಳಿ ಮುಚ್ಚಿತ್ತು. ಅವರು ಮಗ್ಗದಲ್ಲಿ ಕೂತಿದ್ದರು, ಲಾಳಿ ಕೈಯಲ್ಲಿತ್ತು, ಓಡುತ್ತಿರಲಿಲ್ಲ. “ತಗಂಡು ಹೋಗಿಬಿಡಪ್ಪ ಅದನ್ನ. ಗುಜರಿಗೆ ಹಾಕು. ಅವನಿಗೆ ಬ್ಯಾಡ ಅದು,” ಅಂದರು. ದನಿ ಮೆತ್ತಗಿತ್ತು, ಗೋಡೆಗೆ ಕೇಳುವಂತಿರಲಿಲ್ಲ. ಅವರು ಪೋನೀಲೇ ಅನ್ನಲಿ ಅಂತ ನಾನು ಕಾದೆ. ಅನ್ನಲಿಲ್ಲ.

ನಾನು ಎದ್ದು ಗೋಡೆಯಾಚೆ ಹೋದೆ. ತಮ್ಮ ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಾಯಿಸುತ್ತಿದ್ದ. ನನ್ನ ಮುಖ ನೋಡದೆ ಕೇಳಿದ: “ಎಷ್ಟು ಎಳೆಯುತ್ತೆ ಲೇ ಅದು?”

“ಯಾವುದು?”

“ಅದೇ. ಪೆಟ್ಟಿಗೆ. ಎಷ್ಟು ಕರೆಂಟು ಎಳೆಯುತ್ತೆ?”

“ಒಂದು ಫ್ಯಾನು ಒಂದು ಬಲ್ಬಿನಷ್ಟು.”

“ಅಷ್ಟೇನಾ,” ಅಂದ. ಕಂಡಿಕೆ ಕೂರಿಸಿದ. ಮಗ್ಗ ಮತ್ತೆ ಗಡಗಡ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಸದ್ದಿನ ನಡುವೆಯೇ ಕೂಗಿದ: “ಒಂದು ಪ್ಲಗ್ ಬಾಕ್ಸು, ಉದ್ದನೆ ವೈರು ಐತಾ ನಿನ್ನತ್ರ? ನನ್ನ ಮಗ್ಗಕ್ಕೆ ಬೇಕಿತ್ತು.”

ಅವನ ಮಗ್ಗಕ್ಕೆ ಅಂಥದ್ದರ ಅಗತ್ಯವಿಲ್ಲ ಅಂತ ಅವನಿಗೆ ಗೊತ್ತು, ನನಗೂ ಗೊತ್ತು. ಚೀಲದಿಂದ ತೆಗೆದು ಕೊಟ್ಟೆ.

ಗೋಡೆಯನ್ನು ಸೂರಿನವರೆಗೆ ಕಟ್ಟಿರಲಿಲ್ಲ, ತೊಲೆಯ ಕೆಳಗೆ ಒಂದು ಮೊಳ ಸಂದಿ ಬಿಟ್ಟಿದ್ದರು. ನಾನು ಈಚೆ ಬಂದು ಕೂತು ಅಕ್ಕ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದೆ. ಆ ಸಂದಿಯಿಂದ ಪ್ಲಗ್ ಬಾಕ್ಸು ಮೆಲ್ಲಗೆ ಇಣುಕಿತು. ಬಾವಿಗೆ ಬಿಂದಿಗೆ ಇಳಿಸಿದ ಹಾಗೆ ಇಷ್ಟಿಷ್ಟೇ ಇಳಿದು, ಪೆಟ್ಟಿಗೆಯ ತಲೆಯ ಮೇಲೆ ಬಂದು ನಿಂತಿತು. ಅದರ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು.

ಅವರು ಮಗ್ಗದ ಗುಂಡಿಯಿಂದ ಎದ್ದರು. ಮೇಲೆ ನೋಡಿದರು, ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು.

“ನಾನು ಕೇಳಲಿಲ್ಲ,” ಅಂದರು.

“ಇಲ್ಲ ಅಣ್ಣ, ನೀವು ಕೇಳಲಿಲ್ಲ.”

“ನೀನು ಕೇಳಿದ್ಯಾ?”

“ನಾನೂ ಕೇಳಲಿಲ್ಲ.”

“ಹಂಗಾದ್ರೆ ಹಾಕು ಸ್ವಿಚ್ಚು.”

ಕಂಬಳಿ ಎಳೆದು ಹಾಕಿ ಪ್ಲಗ್ ಚುಚ್ಚಿದೆ. ಮೊದಲು ಒಂದು ಗುಯ್ ಸದ್ದು, ಆಮೇಲೆ ಬೆಳಕು, ಆಮೇಲೆ ಆ ಆಟ ಶುರುವಾಗುವ ಮುಂಚಿನ ತುತ್ತೂರಿ ಹಾಡು ಬೀದಿಗೇ ಕೇಳುವಷ್ಟು ಜೋರಾಗಿ ಬಂತು. ಅದು ಬರುತ್ತಿದ್ದಂತೆ ಗೋಡೆಯಾಚೆ ಒಂದು ಮಗ್ಗ ನಿಂತಿತು. ಇನ್ನೊಂದು ನಿಂತಿತು. ಆಚೆ ಎಲ್ಲ ನಿಶ್ಶಬ್ದ. ತುಸು ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ತಮ್ಮ, ಮೈಮೇಲೆಲ್ಲ ನೂಲಿನ ಧೂಳು.

ಯಾರೂ ಬಾ ಅನ್ನಲಿಲ್ಲ, ಅವನೂ ಬರಲಾ ಅನ್ನಲಿಲ್ಲ. ಬಂದು ಪೆಟ್ಟಿಗೆಯ ಮಗ್ಗುಲಿನ ಮೀಸೆಯ ಪೈಲ್ವಾನನನ್ನು ಒಂದು ಗಳಿಗೆ ನೋಡಿ, ಹಲ್ಲು ಕಚ್ಚಿ ನಗು ತಡೆದು, ಬಲಗಡೆಯ ಹ್ಯಾಂಡಲ್ಲಿನ ಮುಂದೆ ನಿಂತ. ಇವರು ಎಡಗಡೆ ನಿಂತರು. ಚಳ್ಳಕೆರೆಯಲ್ಲೂ ಹಾಗೇ ನಿಲ್ಲುತ್ತಿದ್ದರಂತೆ. ಕಾಯಿನ್ ಬೀಳುವ ಜಾಗದಲ್ಲಿ ಇವರು ಬೆರಳಿಂದ ಕಡ್ಡಿ ತಳ್ಳಿದರು, ಆಟ ಶುರುವಾಯಿತು.

ಇಬ್ಬರು ದೊಡ್ಡ ಗಂಡಸರು ತುಟಿ ಬಿಗಿದುಕೊಂಡು ಗುಂಡಿ ಕುಟ್ಟುವುದನ್ನು ನಾನೂ ಅಕ್ಕನೂ ನಿಂತು ನೋಡಿದೆವು. ಪರದೆಯ ಮೇಲೆ ಎಡಗಡೆಯ ಪೈಲ್ವಾನ ಬಲಗಡೆಯವನನ್ನು ಬಡಿದು ಬಡಿದು ಮಲಗಿಸಿದ. ಇವರು ಗೆದ್ದರು. ನಂಬಿಕೆ ಬಾರದೆ ಕೈ ನೋಡಿಕೊಂಡರು. ಎರಡನೇ ಆಟ, ಮತ್ತೆ ಎಡಗಡೆಯವನೇ. “ಬಾರೇ, ಇಲ್ಲಿ ಬಂದು ನೋಡೇ,” ಅಂತ ಎದುರಿಗೇ ನಿಂತಿದ್ದ ಹೆಂಡತಿಯನ್ನು ಕರೆದು ಒಂದು ಸಲ ಕುಣಿದೇಬಿಟ್ಟರು. ತಮ್ಮನ ಮುಖ ಕೆಂಪಗಾಯಿತು. ತನ್ನ ಹ್ಯಾಂಡಲ್ಲನ್ನು ಅನುಮಾನದಿಂದ ಅಲ್ಲಾಡಿಸಿ ನೋಡಿದ. ಬಾಯಿ ಬಿಡಲಿಲ್ಲ.

ಮೂರನೇ ಆಟದ ನಡುವೆ, ಕುಣಿದದ್ದಕ್ಕೆ ಸಡಿಲವಾಗಿದ್ದ ಇವರ ಪಂಚೆ ಜಾರಿತು. ಎರಡೂ ಕೈ ಬಿಟ್ಟು ಕಟ್ಟಿಕೊಳ್ಳಲು ನಿಂತರು. ಇವರ ಕೈ ಬಿಟ್ಟ ಮೇಲೆ ನಿಂತುಹೋಗಬೇಕಾದವನು ಎಡಗಡೆಯವನು. ನಿಂತದ್ದು ಬಲಗಡೆಯವನು. ಎಡಗಡೆಯವನು ಒದೆಯುತ್ತಲೇ ಇದ್ದ.

ತಮ್ಮ ಅಣ್ಣನ ಖಾಲಿ ಕೈ ನೋಡಿದ. ಪರದೆ ನೋಡಿದ. ತನ್ನ ಕೈಯನ್ನು ಮೆಲ್ಲಗೆ ತೆಗೆದ. ಎಡಗಡೆಯವನು ನಿಂತ. ತಮ್ಮ ಗುಂಡಿ ಒಂದು ಸಲ ಒತ್ತಿದ. ಎಡಗಡೆಯವನು ಒದ್ದ.

ನನಗೆ ಆಗಲೇ ತಿಳಿದುಹೋಯಿತು. ಬೋರ್ಡಿನ ಮೊದಲ ಸಾಲು ಎಡಗಡೆಯ ಪೈಲ್ವಾನನದು, ಆದರೆ ಇವರು ಹಿಂದಿನಿಂದ ಎಡ ಅಂತ ಎಣಿಸಿದ ಹ್ಯಾಂಡಲ್ಲು ಮುಂದಿನಿಂದ ಬಲ. ಇವರ ಹ್ಯಾಂಡಲ್ಲು ತಮ್ಮನ ಪೈಲ್ವಾನನಿಗೆ, ತಮ್ಮನದು ಇವರ ಪೈಲ್ವಾನನಿಗೆ ಹೋಗಿತ್ತು. ಮುಂದೆ ಹಿಂದೆ ಅನ್ನುವುದೂ ಅದಕ್ಕೆ ತಕ್ಕಂತೆ ಅದಲು ಬದಲಾಗಿ, ಇಬ್ಬರಿಗೂ ತಾನೇ ಮುನ್ನುಗ್ಗುತ್ತಿದ್ದೇನೆ ಅನ್ನಿಸುತ್ತಿತ್ತು. ನಾನು ಬೆಸುಗೆ ನೋಡಿದ್ದೆನೇ ಹೊರತು ಬದಿ ನೋಡಿರಲಿಲ್ಲ. ತಮ್ಮನೂ ನೇಯುವವನೇ ಅಲ್ಲವೆ, ಅವನಿಗೆ ನನಗಿಂತ ಬೇಗ ಗೊತ್ತಾಗಿರಬೇಕು. ಆದರೆ ಗೊತ್ತಾದದ್ದನ್ನು ಹೇಳಬೇಕೆಂದರೆ ಮಾತಾಡಬೇಕು. ಸುಮ್ಮನಿದ್ದರೆ ಅಣ್ಣ ಗೆದ್ದ ಹಾಗೇ ಉಳಿಯುತ್ತದೆ. ಅವನು ನನ್ನ ಮುಖ ನೋಡಿದ, ನಾನು ತೊಲೆ ನೋಡಿದೆ.

ಇವರು ಪಂಚೆ ಕಟ್ಟಿ ಮುಗಿಸಿದಾಗ ಪರದೆಯ ಮೇಲೆ ಬಲಗಡೆಯವನು ಬಿದ್ದಿದ್ದ. “ಮೂರಕ್ಕೆ ಮೂರು,” ಅಂದರು. “ಕೈ ಬಿಟ್ಟು ಗೆದ್ದೆ ಕಣೇ. ಕೈ ಬಿಟ್ಟು.”

ತಮ್ಮನಿಗೆ ತಡೆಯಲಾಗಲಿಲ್ಲ.

“ಗೆದ್ದಿದ್ದು ನಾನು,” ಅಂದ.

ಇವರು ತಮ್ಮನ ಕಡೆ ತಿರುಗಿದರು. ಪೆಟ್ಟಿಗೆ ತನ್ನ ಪಾಡಿಗೆ ತುತ್ತೂರಿ ಊದುತ್ತಿತ್ತು.

“ಏನಂದೆ?”

“ಮೂರೂ ಸಲ ಗೆದ್ದಿದ್ದು ನಾನು ಅಂದೆ. ಹಿಂದ್ಗಡೆ ಕೂತು ವೈರು ಕೆಚ್ಚಿದ್ದೀಯ. ಮಗ್ಗ ಅನ್ಕೊಂಡ್ಯಾ ಇದನ್ನ? ಎಡ ಬಲ ಎಲ್ಲ ಅದಲು ಬದಲು. ನೀನು ಅಷ್ಟೊತ್ತೂ ಆಡಿಸಿದ್ದು ನನ್ನ ಪೈಲ್ವಾನನ್ನ, ನಿಂದನ್ನ ಆಡಿಸಿದ್ದು ನಾನು. ಅದಕ್ಕೇ ನಿಂದು ಗೆಲ್ತು. ಮೋಟಾರಿನೋನ್ನ ಕೇಳು ಬೇಕಾದ್ರೆ.”

ಅವನು ಕೈ ಆಡಿಸಿ ತೋರಿಸುತ್ತಾ ಇನ್ನೂ ಹೇಳುತ್ತಲೇ ಇದ್ದ. ನಾಲ್ಕು ವರ್ಷದ್ದು ಒಟ್ಟಿಗೇ ಬರುತ್ತಿತ್ತು. ಇವರು ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಕುತ್ತಿಗೆ ಸ್ವಲ್ಪ ವಾಲಿಸಿ ತಮ್ಮನ ಬಾಯನ್ನೇ ನೋಡುತ್ತಿದ್ದರು. ವೈರಿನ ಮಾತು ಒಂದಾದರೂ ಅವರ ಕಿವಿಗೆ ಹೋದಂತೆ ನನಗೆ ಕಾಣಲಿಲ್ಲ.

“ಸರಿಯಾಗಿ ಕೇಳಲಿಲ್ಲ,” ಅಂದರು. “ಇನ್ನೊಂದ್ಸಲ ಹೇಳು.”

“ಗೆದ್ದಿದ್ದು ನಾನು, ಅಣ್ಣ.”

“ಯಾರು?”

“ನಾನು.”

“ಇನ್ನೊಂದ್ಸಲ.”

ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಡುಗೆಮನೆಯ ಕಡೆ ನಡೆದಳು. ಅಲ್ಲಿಂದಲೇ ಕೂಗಿದಳು: “ಅವನು ಗೆದ್ದಿದ್ದು ಬೀದಿಗೆಲ್ಲ ಕೇಳಿಸ್ತು. ನಿಮಗೊಬ್ಬರಿಗೆ ಕೇಳಿಸಲಿಲ್ವಾ?”

“ಕೇಳಿಸ್ತು ಕಣೇ,” ಅಂದರು. “ಹೇಳ್ಲಿ ಬಿಡು.”